ಇಂಬರಿನ ಹಾದಿಯಲ್ಲಿ ಒಂದು ಕೆಂಪು ಬಸ್ಸು

ಇಂಗ್ಲೆಂಡಿಗೆ ಹೋಗಿ ಬಂದವರು ಅರಮನೆ, ಗೋಪುರ, ಥೇಮ್ಸ್ ನದಿ, ವಸ್ತುಸಂಗ್ರಹಾಲಯಗಳ ವರ್ಣನೆ ಮಾಡುವುದು ವಾಡಿಕೆ. ಅವನ್ನೆಲ್ಲ ನಾವೂ ನೋಡಿ ಬಂದೆವು. ಆದರೆ 2023ರ ಆಗಸ್ಟ್ ತಿಂಗಳಲ್ಲಿ ನಾವು ಕೈಗೊಂಡ ಆ ಪ್ರವಾಸದಲ್ಲಿ ಇಂದಿಗೂ ಮನಸ್ಸಿನಲ್ಲಿ ಅಚ್ಚಳಿಯದೆ ಉಳಿದಿರುವುದು ಅರಮನೆಯಲ್ಲ, ಗೋಪುರವಲ್ಲ. ಜನವಸತಿಯೇ ಇಲ್ಲದ ಒಂದು ಹಳ್ಳಿಗೆ ವರ್ಷಕ್ಕೊಮ್ಮೆ ಹೋಗಿ ಬರುವ ಹಳೆಯ ಕೆಂಪು ಬಸ್ಸುಗಳ ಸಾಲು. ಹಾಗಾಗಲು ಕಾರಣ ನಮ್ಮ ಅಣ್ಣನವರು. ಅವರ ವಿಷಯವನ್ನು ಮೊದಲು ಹೇಳದೆ ಈ ಪ್ರವಾಸದ ಕಥೆ ಹೇಳುವುದು ಸಾಧ್ಯವಿಲ್ಲ.

ನಮ್ಮ ಅಣ್ಣನವರು ನಮ್ಮ ರಾಜ್ಯದ ಸಾರಿಗೆಯಲ್ಲಿ 34 ವರ್ಷ ಚಾಲಕರಾಗಿದ್ದು ನಿವೃತ್ತರಾದವರು. ತಂದೆಯವರು ತೀರಿಕೊಂಡಾಗ ನಾವಿನ್ನೂ ಹೈಸ್ಕೂಲಿನಲ್ಲಿದ್ದೆವು. ಅಣ್ಣನವರು ತಮ್ಮ ಓದನ್ನು ನಿಲ್ಲಿಸಿ ಮೊದಲು ಲಾರಿಯ ಮೇಲೆ, ಅನಂತರ ಸರಕಾರಿ ಬಸ್ಸಿನ ಮೇಲೆ ದುಡಿದು ನಮ್ಮನ್ನು ಓದಿಸಿದರು. ನಾವು ಬ್ಯಾಂಕಿನ ನೌಕರಿ ಹಿಡಿದು ಅಧಿಕಾರಿಯಾಗಿ ನಿವೃತ್ತರಾದದ್ದು ಅವರ ರಾತ್ರಿಪಾಳಿಗಳ ಫಲ. ಇಷ್ಟಿದ್ದರೂ ನಮ್ಮ ಮಗಳಿಗೆ ವರ ನೋಡುವ ಕಾಲದಲ್ಲಿ, ಬೀಗರಾಗಲಿರುವವರ ಮುಂದೆ ಅಣ್ಣನವರ ಪರಿಚಯ ಹೇಳಬೇಕಾದಾಗ, ‘ಇವರು ಸಾರಿಗೆಯಲ್ಲಿದ್ದರು’ ಎಂದಷ್ಟೇ ಹೇಳಿ ನಾವು ಮಾತು ಮರೆಸಿದೆವು. ಚಾಲಕರು ಎಂಬ ಶಬ್ದ ನಮ್ಮ ನಾಲಗೆಯ ಮೇಲೆ ಬರಲಿಲ್ಲ. ಅಣ್ಣನವರು ಪಕ್ಕದಲ್ಲಿಯೇ ಕುಳಿತಿದ್ದರು, ಏನೂ ಅನ್ನಲಿಲ್ಲ. ಆ ಮೌನ ನಮ್ಮನ್ನು ವರ್ಷಗಳ ಕಾಲ ಚುಚ್ಚುತ್ತಿತ್ತು.

ಇಂಗ್ಲೆಂಡಿನ ರೆಡಿಂಗ್ ಪಟ್ಟಣದಲ್ಲಿರುವ ನಮ್ಮ ಮಗ ನಮ್ಮಿಬ್ಬರನ್ನು ಕರೆಸಿಕೊಳ್ಳುವಾಗ, ‘ದೊಡ್ಡಪ್ಪನೂ ಬರಲೇಬೇಕು’ ಎಂದು ಹಟ ಹಿಡಿದನು. ದೊಡ್ಡಪ್ಪನಿಗೆ ಲಂಡನ್ ಬಸ್ಸು ತೋರಿಸಬೇಕೆಂಬುದು ಅವನ ಚಿಕ್ಕಂದಿನ ಆಸೆ. ಅಣ್ಣನವರ ಆಯುಷ್ಯವೆಲ್ಲ ಕಳೆದದ್ದು ಲೇಲ್ಯಾಂಡ್ ಗಾಡಿಗಳ ಮೇಲೆ. ಲೇಲ್ಯಾಂಡ್ ಎಂಬುದು ಇಂಗ್ಲೆಂಡಿನ ಲ್ಯಾಂಕಾಷೈರಿನ ಒಂದು ಊರಿನ ಹೆಸರು. ಆ ಊರಿನ ಕಾರಖಾನೆಯೊಡನೆ ಸಂಬಂಧ ಬೆಳೆಸಿದ ಮದರಾಸಿನ ಅಶೋಕ್ ಮೋಟರ್ಸ್ 1955ರಲ್ಲಿ ಅಶೋಕ್ ಲೇಲ್ಯಾಂಡ್ ಆಯಿತು. ನಮ್ಮ ಹಳ್ಳಿಯ ದಾರಿಯ ಧೂಳಿನಲ್ಲಿ ಓಡಿದ ಬಸ್ಸುಗಳ ವಂಶವೃಕ್ಷದ ಬೇರು ಆ ದೇಶದಲ್ಲಿದೆ ಎಂಬುದನ್ನು ಅಣ್ಣನವರು ಬಲ್ಲವರಾಗಿದ್ದರು.

ಲಂಡನ್ನಿಗೆ ಹೋಗಿ ನೋಡಿದರೆ ಅವರು ಹುಡುಕುತ್ತಿದ್ದ ಬಸ್ಸು ಅಲ್ಲಿರಲಿಲ್ಲ. ಬಾಗಿಲಿಲ್ಲದ ಹಿಂಬದಿಯ ಕಟ್ಟೆ, ಕೈಹಿಡಿಯಲು ಬಿಳಿಯ ಕಂಬ, ಮುಂದೆ ಎಂಜಿನ್ನಿನ ಮಗ್ಗುಲಲ್ಲಿ ಚಾಲಕನೊಬ್ಬನೇ ಕೂರುವ ಅರ್ಧ ಕೋಣೆ - ಹೀಗಿದ್ದ ರೂಟ್‌ಮಾಸ್ಟರ್ ಎಂಬ ಬಸ್ಸು 2005ರ ಡಿಸೆಂಬರ್ 9ರಂದು 159ನೆಯ ಮಾರ್ಗದಲ್ಲಿ ತನ್ನ ನಿತ್ಯಸೇವೆ ಮುಗಿಸಿತ್ತು. ನೆನಪಿಗೆಂದು ಎರಡು ಮಾರ್ಗಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದರಾದರೂ, 9ನೆಯ ಮಾರ್ಗದ್ದು 2014ರಲ್ಲಿ ನಿಂತಿತು. 15ನೆಯ ಮಾರ್ಗದ್ದು 2020ರ ಮಹಾಮಾರಿಯ ಕಾಲದಲ್ಲಿ ನಿಂತದ್ದು ಮತ್ತೆ ಆರಂಭವಾಗಲಿಲ್ಲ. ಅಣ್ಣನವರ ಮುಖ ಬಾಡಿದ್ದನ್ನು ಕಂಡ ಮಗ, ‘ದೊಡ್ಡಪ್ಪಾ, ಶನಿವಾರದವರೆಗೆ ತಡೀರಿ’ ಎಂದನು.

ಶನಿವಾರ ಬೆಳಿಗ್ಗೆ ರೆಡಿಂಗಿನಿಂದ ರೈಲು ಹಿಡಿದು, ವೆಸ್ಟ್‌ಬರಿಯಲ್ಲಿ ಗಾಡಿ ಬದಲಿಸಿ ವಿಲ್ಟ್‌ಷೈರ್ ಪ್ರಾಂತದ ವಾರ್ಮಿನ್‌ಸ್ಟರ್ ಎಂಬ ಚಿಕ್ಕ ಪಟ್ಟಣದಲ್ಲಿ ಇಳಿದೆವು. ನಿಲ್ದಾಣದ ಹೊರಗೆ ಕಾಲಿಟ್ಟೊಡನೆ ಅಣ್ಣನವರು ನಿಂತುಬಿಟ್ಟರು. ನಮ್ಮ ಕಡೆಯ ಜಾತ್ರೆಗಳಲ್ಲಿ ವಿಶೇಷ ಬಸ್ಸುಗಳು ಸಾಲುಗಟ್ಟಿ ನಿಲ್ಲುವುದಿಲ್ಲವೆ? ಅದೇ ರೀತಿಯಲ್ಲಿ ಅಲ್ಲಿ ಕೆಂಪು ರೂಟ್‌ಮಾಸ್ಟರುಗಳು ಒಂದರ ಹಿಂದೊಂದು ನಿಂತಿದ್ದವು. ಎಂಜಿನ್ನುಗಳ ಗುಡುಗುಡು ಸದ್ದು, ಡೀಸೆಲ್ಲಿನ ವಾಸನೆ, ಟಿಕೆಟಿಗಾಗಿ ನಿಂತ ಜನ, ಅಪ್ಪನ ಹೆಗಲೇರಿದ ಮಕ್ಕಳು. ‘ಇದು ಖರೇ ಬಸ್‌ಸ್ಟ್ಯಾಂಡ್ ನೋಡು ತಮ್ಮಾ’ ಎಂದು ಅಣ್ಣನವರು ಉದ್ಗರಿಸಿದರು.

ರೂಟ್‌ಮಾಸ್ಟರಿನ ಕಥೆ ಸ್ವಾರಸ್ಯವಾದುದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಲಂಡನ್ನಿನ ಸಾರಿಗೆಯ ಕಾರ್ಯಾಗಾರಗಳಲ್ಲಿ ಹ್ಯಾಲಿಫ್ಯಾಕ್ಸ್ ಎಂಬ ಬಾಂಬರ್ ವಿಮಾನಗಳನ್ನು ಕಟ್ಟಲಾಗುತ್ತಿತ್ತು. ಹಗುರವಾದ ಅಲ್ಯುಮಿನಿಯಮ್ಮಿನಿಂದ ಗಟ್ಟಿಯಾದ ಒಡಲನ್ನು ಕಟ್ಟುವ ಆ ವಿದ್ಯೆಯನ್ನು ಯುದ್ಧಾನಂತರ ಬಸ್ಸಿಗೆ ಅಳವಡಿಸಿದರು. ಮೊದಲ ಮಾದರಿ 1954ರಲ್ಲಿ ಪ್ರದರ್ಶನಗೊಂಡು, 1956ರ ಫೆಬ್ರವರಿಯಲ್ಲಿ ರಸ್ತೆಗಿಳಿಯಿತು. 1968ರವರೆಗೆ ಒಟ್ಟು 2,876 ಬಸ್ಸುಗಳು ತಯಾರಾದವು. ಅದರ ಹಿಂದಿನ ಆರ್.ಟಿ. ಎಂಬ ಬಸ್ಸಿನಲ್ಲಿ 56 ಆಸನಗಳಿದ್ದರೆ ಇದರಲ್ಲಿ 64; ಆದರೂ ತೂಕ ಏಳೂವರೆ ಟನ್ನಿನ ಆಸುಪಾಸಿನಲ್ಲಿಯೇ ಉಳಿಯಿತು. ಚಾಲಕನ ಭುಜದ ಭಾರ ಇಳಿಸುವ ಪವರ್ ಸ್ಟಿಯರಿಂಗ್, ತಾನಾಗಿ ಬದಲಾಗುವ ಗೇರು - ಇವೆಲ್ಲ ಆ ಕಾಲದಲ್ಲಿಯೇ ಇದರಲ್ಲಿದ್ದವು. ಮಗ ಇದನ್ನು ವಿವರಿಸಿದಾಗ ಅಣ್ಣನವರು ಬಹಳ ಹೊತ್ತು ಸುಮ್ಮನಿದ್ದು, ‘ಬಸ್ ಕಟ್ಟೋ ಮೊದಲು ಡ್ರೈವರನ ಭುಜದ ವಿಚಾರ ಮಾಡ್ಯಾರ’ ಎಂದರು. ಅವರ ಬಲಭುಜದ ನೋವಿಗೆ ಇಂದಿಗೂ ರಾತ್ರಿ ಎಣ್ಣೆ ಹಚ್ಚಬೇಕಾಗುತ್ತದೆ ಎಂಬುದು ನಮಗೆ ಗೊತ್ತಿತ್ತು.

ಬಸ್ಸು ಹತ್ತುವಾಗ ನಮ್ಮ ಮನೆಯವರಿಗೆ ಕಷ್ಟವಾಯಿತು. ಅವರಿಗೆ ಮೊಣಕಾಲು ನೋವು; ಹಿಂಬದಿಯ ಆ ಕಟ್ಟೆ ನೆಲದಿಂದ ಎತ್ತರದಲ್ಲಿದೆ. ಕಂಡಕ್ಟರ್ ಕೈಕೊಟ್ಟು ಹತ್ತಿಸಿಕೊಂಡರು. ನಾವು ಕೆಳಗಿನ ಅಂತಸ್ತಿನಲ್ಲಿಯೇ ಕುಳಿತೆವು. ಹಳದಿ ಬಣ್ಣದ ಒಳಮಾಳಿಗೆ, ಕಡುಗೆಂಪು ಬಣ್ಣದ ಒಳಗೋಡೆ, ಹಿಡಿಕೆ ತಿರುಗಿಸಿ ಇಳಿಸುವ ಕಿಟಕಿಗಳು, ಮೆತ್ತನೆಯ ಬಟ್ಟೆಯ ಆಸನಗಳು. ಮೆಟ್ಟಿಲಿನ ಕೆಳಗೆ ಕಂಡಕ್ಟರ್ ನಿಲ್ಲಲೆಂದು ಒಂದು ಮೂಲೆ. ಹತ್ತುವವರಿಗೆ ಇಳಿಯುವವರಿಗೆ ಅವರ ಮೈ ತಾಗದಂತೆ ಅಳತೆ ಮಾಡಿ ಬಿಟ್ಟಿದ್ದಾರೆ. ಮಾಳಿಗೆಯ ಕೆಳಗೆ ಉದ್ದಕ್ಕೆ ಒಂದು ಹಗ್ಗ. ಅದನ್ನು ಒಮ್ಮೆ ಎಳೆದರೆ ನಿಲ್ಲಿಸು, ಎರಡು ಸಲ ಎಳೆದರೆ ಹೊರಡು, ಮೂರು ಸಲ ಎಳೆದರೆ ಬಸ್ಸು ತುಂಬಿದೆ ಎಂಬ ಸಂಜ್ಞೆ. ನಮ್ಮ ಕಂಡಕ್ಟರುಗಳ ಸೀಟಿ, ‘ಹೋಲ್ಡಾನ್’, ‘ರೈಟ್ ರೈಟ್’ಗಳ ಕೆಲಸವನ್ನೆಲ್ಲ ಅಲ್ಲಿ ಆ ಗಂಟೆಯೇ ಮಾಡುತ್ತದೆ. ಗಂಟೆ ಎರಡು ಬಾರಿ ಬಾರಿಸಿತು. ಬಸ್ಸು ಮೆಲ್ಲನೆ ಹೊರಟಿತು.

ಪಟ್ಟಣ ದಾಟಿದ ಮೇಲೆ ಸಾಲಿಸ್‌ಬರಿ ಬಯಲು. ಗಾಳಿಗೆ ತೊನೆಯುವ ಹುಲ್ಲು, ಅಲೆಅಲೆಯಾದ ದಿಬ್ಬಗಳು, ಕಣ್ಣು ಹಾಯುವವರೆಗೆ ಮನೆಯಿಲ್ಲ. ಇದು ಸೈನ್ಯದ ತರಬೇತಿಯ ಪ್ರದೇಶ. ರಸ್ತೆ ಬಿಟ್ಟು ಕದಲಬಾರದು, ಸಿಡಿಯದ ಮದ್ದುಗುಂಡುಗಳಿವೆ ಎಂಬ ಎಚ್ಚರಿಕೆಯ ಫಲಕಗಳು ಅಲ್ಲಲ್ಲಿ ಕಾಣುತ್ತವೆ. ಅಲ್ಲೊಂದು ಇಲ್ಲೊಂದು ತುಕ್ಕು ಹಿಡಿದ ಟ್ಯಾಂಕಿನ ಅಸ್ಥಿಪಂಜರ. ಇವುಗಳ ನಡುವೆ ಎರಡಂತಸ್ತಿನ ಕೆಂಪು ಬಸ್ಸು ಹೋಗುವುದು ಕನಸಿನಂತಿತ್ತು.

ಆ ದಾರಿಯ ಕೊನೆಯಲ್ಲಿ ಇಂಬರ್ ಎಂಬ ಊರಿದೆ. ಊರಿತ್ತು ಎಂದರೆ ಸರಿಯಾದೀತು. 1943ರ ನವೆಂಬರ್ 1ರಂದು ಗ್ರಾಮದ ಶಾಲೆಯಲ್ಲಿ ಜನರನ್ನು ಕೂಡಿಸಿ, ಅಮೆರಿಕದ ಸೈನಿಕರ ತರಬೇತಿಗೆ ಊರು ಬೇಕಾಗಿದೆ, 47 ದಿನಗಳಲ್ಲಿ ತೆರವು ಮಾಡಿರಿ ಎಂದು ತಿಳಿಸಲಾಯಿತು. ಸುಮಾರು 150 ಜನರು ಯುದ್ಧ ಮುಗಿದ ಮೇಲೆ ಮರಳುವೆವೆಂಬ ನಂಬಿಕೆಯಿಂದ ಮನೆ ಬಿಟ್ಟರು. ಮರಳಲು ಅವರಿಗೆ ಅಪ್ಪಣೆ ದೊರೆಯಲೇ ಇಲ್ಲ. ಊರಿನ ಕಮ್ಮಾರನು ಆ ಸುದ್ದಿ ಕೇಳಿ ತನ್ನ ಕುಲುಮೆಯಲ್ಲಿ ಕುಳಿತು ಅಳುತ್ತಿದ್ದುದನ್ನು ಅವನ ಹೆಂಡತಿ ಕಂಡಳೆಂದು ಇಂದಿಗೂ ಹೇಳುತ್ತಾರೆ. ಈಗ ಉಳಿದಿರುವುದು ಸಂತ ಗೈಲ್ಸನ ಹೆಸರಿನ ಹಳೆಯ ಚರ್ಚು, ಕಿಟಕಿ ಬಾಗಿಲುಗಳಿಲ್ಲದ ಕೆಲವು ಕಟ್ಟಡಗಳು, ಸೈನಿಕರ ಅಭ್ಯಾಸಕ್ಕೆಂದು ಕಟ್ಟಿದ ಪೊಳ್ಳು ಮನೆಗಳು. ನೀರಿನಲ್ಲಿ ಮುಳುಗಿ ಊರು ಕಳೆದುಕೊಂಡ ಜನರನ್ನು ನಮ್ಮ ನಾಡಿನಲ್ಲಿಯೂ ನಾವು ಬಲ್ಲೆವು. ಚರ್ಚಿನ ಅಂಗಳದ ಸಮಾಧಿಗಳ ನಡುವೆ ನಿಂತ ನಮ್ಮ ಮನೆಯವರು, ‘ದೇವರ ಮನೆ ಉಳಿದೈತಿ, ಮಂದಿ ಮನೆ ಹೋದುವು’ ಎಂದು ನಿಟ್ಟುಸಿರಿಟ್ಟರು.

2009ರಿಂದ ವರ್ಷದಲ್ಲಿ ಒಂದು ದಿನ ಇಲ್ಲಿಗೆ ಹಳೆಯ ಬಸ್ಸುಗಳನ್ನು ಓಡಿಸುತ್ತಾರೆ. ಓಡಿಸುವವರೆಲ್ಲರೂ ಸಂಬಳವಿಲ್ಲದೆ ದುಡಿಯುವ ಸ್ವಯಂಸೇವಕರು; ಬಂದ ಹಣ ಈ ಚರ್ಚಿನ ರಕ್ಷಣೆಯೇ ಮೊದಲಾದ ಸತ್ಕಾರ್ಯಗಳಿಗೆ ಸಲ್ಲುತ್ತದೆ. ಇದನ್ನು ಆರಂಭಿಸಿದವರಲ್ಲಿ ಒಬ್ಬರಾದ ಪೀಟರ್ ಹೆಂಡಿ ಅವರು 2006ರಿಂದ 2015ರವರೆಗೆ ಲಂಡನ್ನಿನ ಇಡೀ ಸಾರಿಗೆಯ ಮುಖ್ಯಸ್ಥರಾಗಿದ್ದವರು. ಅವರು ಸ್ವಂತ ರೂಟ್‌ಮಾಸ್ಟರ್ ಇಟ್ಟುಕೊಂಡು, ಈ ದಾರಿಯಲ್ಲಿ ತಾವೇ ಬಸ್ಸು ನಡೆಸಿದ್ದಾರೆ. ಮಗ ಈ ಸಂಗತಿ ಹೇಳಿದಾಗ ಅಣ್ಣನವರು ನಂಬಲಿಲ್ಲ. ‘ಅಷ್ಟು ದೊಡ್ಡ ಸಾಹೇಬರು ಸ್ಟಿಯರಿಂಗ್ ಹಿಡೀತಾರೇನು?’ ಎಂದು ಎರಡು ಸಲ ಕೇಳಿದರು. ನಾವು ನೆಲ ನೋಡುತ್ತ ನಿಂತೆವು.

ಚರ್ಚಿನ ಬಳಿ ಬಸ್ಸು ನಿಂತಿದ್ದಾಗ ಅಣ್ಣನವರು ಚಾಲಕರ ಕೋಣೆಯ ಕೆಳಗೆ ನಿಂತು ಒಳಗೆ ಇಣುಕುತ್ತಿದ್ದರು. ಚಾಲಕರು ಬಿಳಿಗೂದಲಿನ ವೃದ್ಧರು. ತಾವೂ ಹಿಂದೆ ನಿತ್ಯಸೇವೆಯಲ್ಲಿದ್ದು ನಿವೃತ್ತರಾದವರಂತೆ. ಮಗನು ದೊಡ್ಡಪ್ಪನ 34 ವರ್ಷಗಳ ಸೇವೆಯನ್ನು ತಿಳಿಸಿದ ಕೂಡಲೆ ಅವರು ಕೆಳಗಿಳಿದು ಬಂದು ಅಣ್ಣನವರ ಕೈಯನ್ನು ತಮ್ಮೆರಡೂ ಕೈಗಳಲ್ಲಿ ಹಿಡಿದರು. ಉಳಿದ ಬಸ್ಸುಗಳ ಸಿಬ್ಬಂದಿಯನ್ನೂ ಕರೆದರು. ಎಷ್ಟು ಮೈಲಿಯ ಮಾರ್ಗ, ಘಟ್ಟದ ದಾರಿಯೋ ಬಯಲೋ, ಮಳೆಗಾಲದಲ್ಲಿ ಹೇಗೆ - ಪ್ರಶ್ನೆಗಳ ಸುರಿಮಳೆಯಾಯಿತು. ಭಾಷೆ ಬಾರದ ಅಣ್ಣನವರು ಕೈಯಲ್ಲಿಯೇ ಗೇರು ಬದಲಿಸಿ, ತಿರುವು ತೋರಿಸಿ, ಕಾಲಿನಲ್ಲಿ ಬ್ರೇಕು ಒತ್ತಿ ಉತ್ತರ ಕೊಟ್ಟರು. ಅವರೆಲ್ಲರಿಗೂ ಅರ್ಥವಾಯಿತು. ಅವರ ನಡುವೆ ಅಣ್ಣನವರನ್ನು ನಿಲ್ಲಿಸಿ ಛಾಯಾಚಿತ್ರ ತೆಗೆದರು. ಹೊರಡುವಾಗ ಕಂಡಕ್ಟರ್ ಅವರನ್ನು ಕರೆದು ಗಂಟೆಯ ಹಗ್ಗವನ್ನು ಕೈಗಿತ್ತರು. ಅಣ್ಣನವರು ಎರಡು ಬಾರಿ ಎಳೆದು, ಅಭ್ಯಾಸಬಲದಿಂದ ‘ರೈಟ್!’ ಎಂದು ಕೂಗಿದರು. ಬಸ್ಸಿನವರೆಲ್ಲ ನಕ್ಕು ಚಪ್ಪಾಳೆ ತಟ್ಟಿದರು.

ಮರಳುವ ದಾರಿಯಲ್ಲಿ ನಮ್ಮ ಎದುರಿಗೆ ಒಬ್ಬ ಹಿರಿಯ ಸರ್ದಾರರು ಕುಳಿತಿದ್ದರು. ಅವರ ತಂದೆ ಪಂಜಾಬಿನಿಂದ ವಲಸೆ ಬಂದು ಇಲ್ಲಿಯ ಒಂದು ಕೈಗಾರಿಕಾ ಪಟ್ಟಣದಲ್ಲಿ ಕಂಡಕ್ಟರ್ ಆಗಿದ್ದವರು. ಅಣ್ಣನವರೊಡನೆ ಹಿಂದಿಯಲ್ಲಿ ಮಾತಿಗಿಳಿದ ಅವರು, ‘ಈ ಬಸ್ಸು ನೋಡಿದರೆ ತಂದೆಯ ನೆನಪಾಗುತ್ತದೆ. ಆದರೆ ಆ ಕಾಲವೆಲ್ಲ ಸಿಹಿಯಾಗಿತ್ತೆಂದು ತಿಳಿಯಬೇಡಿರಿ’ ಎಂದು ಹೇಳಿದ ಸಂಗತಿಗಳು ಚಿಂತನೀಯವಾಗಿವೆ.

ಯುದ್ಧಾನಂತರ ಇಂಗ್ಲೆಂಡಿನಲ್ಲಿ ಬಸ್ಸು ನಡೆಸಲು ಜನರ ಕೊರತೆಯಿತ್ತು. ಲಂಡನ್ನಿನ ಸಾರಿಗೆಯವರು 1956ರಲ್ಲಿ ಬಾರ್ಬಡೋಸ್ ದ್ವೀಪದಲ್ಲಿಯೇ ನೇಮಕಾತಿ ಆರಂಭಿಸಿದರು. ಆದರೆ ಇಂಬರಿನಿಂದ ಹೆಚ್ಚು ದೂರವಿಲ್ಲದ ಬ್ರಿಸ್ಟಲ್ ನಗರದಲ್ಲಿ ಕರಿಯರನ್ನೂ ಏಷ್ಯದವರನ್ನೂ ಬಸ್ಸಿನ ಚಾಲಕ-ಕಂಡಕ್ಟರುಗಳಾಗಿ ತೆಗೆದುಕೊಳ್ಳುತ್ತಿರಲಿಲ್ಲ. 1963ರ ಏಪ್ರಿಲ್ 30ರಂದು ಪಾಲ್ ಸ್ಟೀಫನ್‌ಸನ್ ಮೊದಲಾದ ತರುಣರ ನೇತೃತ್ವದಲ್ಲಿ ಜನರು ಬಸ್ಸುಗಳನ್ನು ಬಹಿಷ್ಕರಿಸಿದರು. ನಾಲ್ಕು ತಿಂಗಳ ಹೋರಾಟದ ಅನಂತರ ಆಗಸ್ಟ್ 28ರಂದು ಆ ನಿರ್ಬಂಧ ತೊಲಗಿತು. ಸೆಪ್ಟೆಂಬರ್ 17ರಂದು ಆ ನಗರದ ಮೊದಲ ಬಿಳಿಯೇತರ ಕಂಡಕ್ಟರ್ ಆಗಿ ಕೆಲಸಕ್ಕೆ ಸೇರಿದವರು ರಘಬೀರ್ ಸಿಂಗ್ ಎಂಬ ಭಾರತೀಯರು. ವುಲ್ವರ್‌ಹ್ಯಾಂಪ್ಟನ್ನಿನಲ್ಲಿ ತರ್ಸೇಮ್ ಸಿಂಗ್ ಸಂಧು ಎಂಬ ಚಾಲಕರು 1967ರಲ್ಲಿ ಗಡ್ಡ ಬಿಟ್ಟು ಪಗಡಿ ಸುತ್ತಿ ಕೆಲಸಕ್ಕೆ ಬಂದುದಕ್ಕೆ ಮನೆಗೆ ಕಳಿಸಲ್ಪಟ್ಟರು. 1969ರ ಏಪ್ರಿಲ್‌ನಲ್ಲಿ ಆ ನಿಷೇಧ ಹಿಂತೆಗೆಯಲ್ಪಡುವವರೆಗೆ ಸಿಖ್ಖರು ಹೋರಾಡಬೇಕಾಯಿತು. ಬಾಗಿಲೇ ಇಲ್ಲದ ಬಸ್ಸು ಎಂದು ನಾವು ಕೊಂಡಾಡುತ್ತಿದ್ದೆವು. ಅದರ ಚಾಲಕನ ಕೋಣೆಯ ಬಾಗಿಲು ಮಾತ್ರ ಎಷ್ಟೋ ಜನರಿಗೆ ಬಹುಕಾಲ ಮುಚ್ಚಿತ್ತು ಎಂಬುದು ನಮಗೆ ಆ ದಿನವೇ ತಿಳಿದದ್ದು.

ಇದನ್ನು ಕೇಳಿದ ಅಣ್ಣನವರು, ‘ಕೆಲಸ ಕೊಡಲಿಕ್ಕೂ ಹಿಂದ ಮುಂದ ನೋಡ್ಯಾರ. ಕೊಟ್ಟ ಮ್ಯಾಲೂ ಕೆಲಸದವ ಅಂತ ಕೀಳಾಗಿ ನೋಡೋ ಮಂದಿ ಎಲ್ಲಾ ಕಡೆ ಅದಾರ’ ಎಂದರು. ಅವರು ಕಿಟಕಿಯ ಹೊರಗೆ ನೋಡುತ್ತ ಆಡಿದ ಮಾತು ಅದು. ನಮ್ಮನ್ನು ಕುರಿತೇ ಆಡಿದರೆಂದು ಹೇಳಲಾರೆವು. ಆದರೆ ಅದು ಬಂದು ತಾಗಿದ್ದು ನಮಗೆ.

ಮೂರು ದಿನಗಳ ಅನಂತರ ಮಗನು ಇನ್ನೊಂದು ಏರ್ಪಾಟು ಮಾಡಿದ್ದನು. ಬಳಕೆಯಲ್ಲಿಲ್ಲದ ಒಂದು ವಿಮಾನದ ಬಯಲಿನಲ್ಲಿ, ಶುಲ್ಕ ಕೊಟ್ಟವರಿಗೆ ಹಳೆಯ ಬಸ್ಸನ್ನು ನಡೆಸಲು ಅವಕಾಶವುಂಟು. ಅಲ್ಲಿದ್ದದ್ದು ರೂಟ್‌ಮಾಸ್ಟರಿಗಿಂತ ಹಳೆಯದಾದ ಆರ್.ಟಿ. 1939ರಲ್ಲಿ ಹುಟ್ಟಿ, ಯುದ್ಧದ ಅನಂತರ ಸಾವಿರಗಟ್ಟಲೆ ತಯಾರಾಗಿ, 1979ರ ಏಪ್ರಿಲ್‌ವರೆಗೆ ಲಂಡನ್ನಿಗೆ ಸೇವೆ ಸಲ್ಲಿಸಿದ ಬಸ್ಸು ಅದು. 73 ವರ್ಷದ ಅಣ್ಣನವರು ಬಲಬದಿಯ ಮೆಟ್ಟಿಲ ಮೇಲೆ ಕಾಲಿಟ್ಟು ಚಾಲಕನ ಕೋಣೆಗೆ ಏರಿದ ರೀತಿಯನ್ನು ನೋಡಿದರೆ ಅವರ ವಯಸ್ಸು ಯಾರಿಗೂ ತಿಳಿಯುವಂತಿರಲಿಲ್ಲ. ಆ ಕೋಣೆಯಲ್ಲಿ ಒಬ್ಬರಿಗೇ ಜಾಗ. ಬೋಧಕರು ಹಿಂದಿನ ಕಿಟಕಿಯ ಗಾಜು ತೆಗೆದ ಜಾಗದಲ್ಲಿ ಪ್ರಯಾಣಿಕರ ಕಡೆಯಿಂದ ಕುಳಿತು ಹೇಳಿಕೊಡುತ್ತಾರೆ. ಮಗ ಅವರ ಬದಿಗಿದ್ದು ಕನ್ನಡದಲ್ಲಿ ತಿಳಿಸುತ್ತಿದ್ದನು.

ಮೊದಲ ಸುತ್ತಿನಲ್ಲಿ ಒಂದು ತಮಾಷೆ ನಡೆಯಿತು. ಅಣ್ಣನವರ ಎಡಗೈ ತಾನಾಗಿಯೇ ಕೆಳಗಿಳಿದು ನೆಲದ ಮೇಲೆ ಗೇರಿನ ದಂಡವನ್ನು ತಡಕಾಡಿತು. ಅಲ್ಲಿ ಏನೂ ಇರಲಿಲ್ಲ! ಆರ್.ಟಿ.ಯ ಗೇರು ಸ್ಟಿಯರಿಂಗಿನ ಕೆಳಗೆ ಇರುವ ಒಂದು ಚಿಕ್ಕ ಹಿಡಿಕೆ. ಮುಂದೆ ಬೇಕಾಗುವ ಗೇರನ್ನು ಆ ಹಿಡಿಕೆಯಿಂದ ಮೊದಲೇ ಆರಿಸಿಡಬೇಕು. ಬಸ್ಸು ಹಿಂದಿನ ಗೇರಿನಲ್ಲಿಯೇ ಓಡುತ್ತಿರುತ್ತದೆ. ಸಮಯ ಬಂದಾಗ ಕ್ಲಚ್ಚಿನ ಸ್ಥಾನದಲ್ಲಿರುವ ಎಡಗಾಲಿನ ಪೆಡಲನ್ನು ಒಮ್ಮೆ ಪೂರ್ತಿ ಒತ್ತಿ ಬಿಟ್ಟರೆ ಗೇರು ಬದಲಾಗುತ್ತದೆ. ಎರಡು ಬಾರಿ ಕ್ಲಚ್ ಒತ್ತಿ, ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟು, ಹಲ್ಲಿಗೆ ಹಲ್ಲು ಕೂಡಿಸಿ ಗೇರು ಹಾಕುವುದನ್ನು ರೂಢಿಸಿಕೊಂಡ ಕೈಕಾಲುಗಳಿಗೆ ಇದು ಹೊಸ ಪಾಠ. ಎರಡನೆಯ ಸುತ್ತಿನಲ್ಲಿ ಬಸ್ಸು ಕೊಂಚ ಮುಗ್ಗರಿಸಿತು. ಮೂರನೆಯ ಸುತ್ತಿನಲ್ಲಿ ಒಳಗೆ ನಿಂತಿದ್ದ ನಮ್ಮ ಮನೆಯವರ ಕೈಯಲ್ಲಿದ್ದ ಚಹದ ಬಟ್ಟಲು ತುಳುಕಲಿಲ್ಲ. ಬೋಧಕರು ಮಾತು ನಿಲ್ಲಿಸಿ ಕೈಕಟ್ಟಿ ಕುಳಿತರು. ಅವರಿಗೆ ಇನ್ನು ಹೇಳಿಕೊಡಲು ಏನೂ ಉಳಿದಿರಲಿಲ್ಲ.

ಕೆಳಗಿಳಿದ ಅಣ್ಣನವರು ಹೇಳಿದರು: ‘ಮುಂದಿನದನ್ನ ಮೊದಲ ಆರಿಸಿಡಬೇಕು, ಆದರ ವ್ಯಾಳ್ಯಾ ಬರೋತನಕ ಒತ್ತಬಾರದು. ಭಾಳ ಶ್ಯಾಣ್ಯಾ ಗಾಡಿ ತಮ್ಮಾ ಇದು.’

ಈ ಬಸ್ಸುಗಳು ಹೋದುದಕ್ಕೆ ಅಲ್ಲಿಯ ಜನರು ಇಂದಿಗೂ ಮರುಗುತ್ತಾರೆ. ನಾವೂ ಮರುಗಿದೆವು. ಆದರೆ ಹೋದದ್ದಕ್ಕೆ ಕಾರಣವೂ ಇದೆ. ತೆರೆದ ಕಟ್ಟೆಯಿಂದ ಬಿದ್ದು ಪೆಟ್ಟು ಮಾಡಿಕೊಂಡವರಿದ್ದರು. ಗಾಲಿಕುರ್ಚಿಯವರು ಈ ಬಸ್ಸನ್ನು ಹತ್ತುವಂತೆಯೇ ಇರಲಿಲ್ಲ. 2005ರ ಕೊನೆಗೆ ಲಂಡನ್ನಿನ ನಿತ್ಯಸೇವೆಯ ಬಸ್ಸುಗಳೆಲ್ಲವೂ ತಗ್ಗು ನೆಲದವಾದಾಗ, ಅದುವರೆಗೆ ನಿಲ್ದಾಣದಲ್ಲಿ ನಿಂತು ನೋಡುತ್ತಿದ್ದವರು ಮೊದಲ ಬಾರಿಗೆ ಒಳಗೆ ಬಂದರು. ರೆಡಿಂಗಿನ ಹೊಸ ಬಸ್ಸಿನಲ್ಲಿ ನಮ್ಮ ಮನೆಯವರು ಯಾರ ಕೈಯನ್ನೂ ಹಿಡಿಯದೆ ಹತ್ತಿ ಇಳಿಯುತ್ತಿದ್ದರು. ಅಲ್ಲಿ ಕೈಕೊಡುವ ಕಂಡಕ್ಟರ್ ಇಲ್ಲ ಎಂಬುದೂ ನಿಜ. ಒಂದನ್ನು ಪಡೆಯುವಾಗ ಇನ್ನೊಂದನ್ನು ಕಳೆದುಕೊಂಡಿದ್ದಾರೆ. ಎರಡನ್ನೂ ಲೆಕ್ಕಕ್ಕೆ ಹಿಡಿಯುವುದೇ ನ್ಯಾಯ.

ನಾವು ಊರಿಗೆ ಮರಳಿದ ಮೇಲೆ, 2023ರ ಸೆಪ್ಟೆಂಬರ್ 15ರಂದು, ಮುಂಬಯಿಯ ರಸ್ತೆಗಳಿಂದ ಹಳೆಯ ಡೀಸೆಲ್ ಡಬಲ್ ಡೆಕ್ಕರುಗಳು ನಿರ್ಗಮಿಸಿದ ಸುದ್ದಿ ಬಂದಿತು. 1937ರಿಂದ ಆ ನಗರದಲ್ಲಿ ಎರಡಂತಸ್ತಿನ ಬಸ್ಸುಗಳು ಓಡುತ್ತಿದ್ದವು. ಅಲ್ಲಿಯೂ ಜನರು ಹೂಮಾಲೆ ಹಾಕಿ ಬೀಳ್ಕೊಟ್ಟರು. ಬಸ್ಸಿಗೆ ಮಾಲೆ ಹಾಕುವ ನಾವು, ಅದನ್ನು ಜೀವಮಾನವೆಲ್ಲ ನಡೆಸಿದವರಿಗೆ ಒಂದು ಮಾತಿನ ಗೌರವವನ್ನಾದರೂ ಕೊಟ್ಟಿದ್ದೇವೆಯೆ ಎಂದು ಅಂದು ನಮ್ಮನ್ನು ನಾವೇ ಕೇಳಿಕೊಂಡೆವು.

ಕಳೆದ ವರ್ಷ ನಮ್ಮ ಮನೆಯಲ್ಲಿ ಮೊಮ್ಮಗಳ ಹುಟ್ಟುಹಬ್ಬ. ಬೀಗರ ಕಡೆಯ ಹೊಸಬರೊಬ್ಬರು ಗೋಡೆಯ ಮೇಲಿನ ಚಿತ್ರವನ್ನು ನೋಡಿ, ಕೆಂಪು ಬಸ್ಸಿನ ಮುಂದೆ ಬಿಳಿಯರ ನಡುವೆ ನಿಂತಿರುವ ಇವರು ಯಾರು ಎಂದು ಕೇಳಿದರು. ‘ನಮ್ಮ ಅಣ್ಣನವರು. 34 ವರ್ಷ ಬಸ್ಸಿನ ಚಾಲಕರಾಗಿದ್ದರು. ಅವರು ಬಸ್ಸು ನಡೆಸಿದ್ದರಿಂದ ನಾವು ಓದಿದೆವು’ ಎಂದೆವು. ಒಳಕೋಣೆಯಲ್ಲಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ ಅಣ್ಣನವರಿಗೆ ಅದು ಕೇಳಿಸಿತು. ಅವರು ಅಂದಿನಂತೆಯೇ ಇಂದೂ ಏನನ್ನೂ ಅನ್ನಲಿಲ್ಲ. ಮಗುವಿನ ಕೈಯನ್ನು ಹಿಡಿದು, ಇಲ್ಲದ ಹಗ್ಗವೊಂದನ್ನು ಎರಡು ಬಾರಿ ಎಳೆಯಿಸಿ, ‘ರೈಟ್’ ಎಂದರು.